ಇಪ್ಪತ್ತೊಂದರ ಬದಲು ಇಪ್ಪತ್ತು

ಫೆಬ್ರವರಿ 7, 1983. ಸೋಮವಾರ, ಸಂಜೆ 7

ಇವತ್ತೂ ಇಬ್ಬರ ಕೆಲಸ. ಮಲ್ಕಾ ಹೆರಿಗೆ ರಜೆಗೆ ಹೋಗಿ ಮೂರು ವಾರ, ಅವಳ ಸೀಟಿಗೆ ಯಾರೂ ಬಂದಿಲ್ಲ. ಬೆಳಿಗ್ಗೆಯಿಂದ ಕಾರ್ಡಿಗೆ ತೂತು ಹೊಡೆದು ಅಂಕಿ ಪಂಚ್ ಮಾಡಿದ್ದೇ ಮಾಡಿದ್ದು. ವಿಮಾನ ಹೋಗುವ ದಾರಿಯ ಅಕ್ಷಾಂಶ, ರೇಖಾಂಶ. ಕಾರ್ಡು ಓದಿ ಕಂಪ್ಯೂಟರು ದಿಕ್ಕು, ದೂರ ಲೆಕ್ಕ ಹಾಕಿ ಶೀಟು ಅಚ್ಚು ಹಾಕುತ್ತದೆ. ಪೈಲಟ್‌ಗಳು ಆ ಶೀಟು ನೋಡಿ ವಿಮಾನದ ಕಂಪ್ಯೂಟರಿಗೆ ಅಂಕಿ ಹೊಡೆಯುತ್ತಾರೆ. ಹನ್ನೊಂದು ವರ್ಷದಿಂದ ಇದೇ. ಒಂದು ಸಲವೂ ವಿಮಾನ ಹತ್ತಿಲ್ಲ.

ಯಶವಂತಪುರದಿಂದ ಆರ್.ಟಿ. ನಗರದವರೆಗೂ ಬಸ್ಸಿನಲ್ಲಿ ನಿಂತೇ ಬಂದೆ. ಬೆರಳು ಮಡಚಲು ಆಗುತ್ತಿಲ್ಲ.

ಫೆಬ್ರವರಿ 9, ಬುಧವಾರ

ತಾಳೆ ನೋಡುವ ಮೆಷಿನ್ ಕೆಟ್ಟಿದೆ. ಒಬ್ಬರು ಹೊಡೆದ ಕಾರ್ಡನ್ನು ಇನ್ನೊಬ್ಬರು ಅದರಲ್ಲಿ ಮತ್ತೆ ಹೊಡೆಯಬೇಕು, ತಪ್ಪಿದ್ದರೆ ನಿಂತುಬಿಡುತ್ತದೆ. ರಿಪೇರಿಗೆ ಹತ್ತು ದಿನವಂತೆ. ಸೂಪರ್‌ವೈಸರ್ ಅಶ್ವತ್ಥಪ್ಪನವರನ್ನು ಕೇಳಿದೆ.

"ಕಣ್ಣಲ್ಲೇ ನೋಡಿ ಕಳ್ಸಮ್ಮಾ ದಿಲ್ಶಾದ್. ಮೆಷಿನ್‌ಗೋಸ್ಕರ ಫ್ಲೈಟ್ ನಿಲ್ಸಕ್ಕಾಗುತ್ತಾ?"

ನೋಡಿದೆ. ನೋಡಿದೆ ಎಂದೇ ನೆನಪು… ನಾಲ್ಕು ಗಂಟೆಯ ಹೊತ್ತಿಗೆ ಅಂಕಿಗಳು ಇರುವೆಯ ಹಾಗೆ ಹರಿದಾಡುತ್ತಿದ್ದವು.

ಫೆಬ್ರವರಿ 17, ಗುರುವಾರ

ಅಶ್ವತ್ಥಪ್ಪ ಒಂದೇ ಒಂದು ಕಾರ್ಡು ತಂದು, "ಇದನ್ನ ಹೊಸದಾಗಿ ಹೊಡ್ಕೊಡಿ" ಎಂದರು. ಮಸ್ಕತ್ ದಾರಿಯದು. ಯಾಕೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಡೆದುಕೊಟ್ಟೆ. ಹಳೆಯದರ ಹಿಂದೆ ಸಾಮಾನಿನ ಚೀಟಿ ಬರೆದು ಮನೆಗೆ ತಂದೆ. ಹಾಳು ಕಾರ್ಡು ಎಲ್ಲರೂ ಹಾಗೆ ಒಯ್ಯುತ್ತೇವೆ.

ಜ್ವರ ಬಂದ ಹಾಗಿದೆ.

ಮಾರ್ಚ್ 3, ಗುರುವಾರ

ಊಟದ ಹೊತ್ತಿಗೆ ಚಿಕ್ಕಬೈರಪ್ಪ ಬಂದ. ನಮ್ಮ ಕಂಪನಿಯ ಸರಕು ವಿಮಾನದ ಕೋ-ಪೈಲಟ್. ಜಕ್ಕೂರಿನವನು, ಅಲ್ಲಿನ ಫ್ಲೈಯಿಂಗ್ ಕ್ಲಬ್ಬಿನಲ್ಲೇ ಕಲಿತವನು. ಶೀಟು ಒಯ್ಯಲು ಬಂದಾಗೆಲ್ಲ ನಗುತ್ತಾ ಬರುತ್ತಿದ್ದ. ಇವತ್ತು ಗಡ್ಡ ಬಿಟ್ಟಿದ್ದ.

"ನನ್ನ ಸಸ್ಪೆಂಡ್ ಮಾಡವ್ರೆ ಅಕ್ಕಾ. ಹೋದ ತಿಂಗಳು ಹನ್ನೆರಡನೇ ತಾರೀಕು ಮಸ್ಕತ್‌ಗೆ ಹೋಗೋವಾಗ ಸಮುದ್ರದ ಮೇಲೆ ಅರವತ್ತು ಮೈಲಿ ಪಕ್ಕಕ್ಕೆ ಹೋಗಿದ್ವಿ. ಎದುರಿಂದ ಪ್ಯಾಸೆಂಜರ್ ಫ್ಲೈಟ್ ಬಂತು, ಅದೇ ಎತ್ತರದಲ್ಲಿ. ಕ್ಯಾಪ್ಟನ್ ಎಳೆದು ಮೇಲೆತ್ತಿದ್ರು. ಅದರ ಕಿಟಕಿ ದೀಪ ಕಂಡ್ವು ಅಕ್ಕಾ."

"ಅಂಕಿ ತಪ್ಪು ಹೊಡೆದ್ಯಾ?"

"ಶೀಟಲ್ಲಿ ಅಕ್ಷಾಂಶ ಇಪ್ಪತ್ತು ಅಂತಿತ್ತು, ಇಪ್ಪತ್ತು ಹೊಡೆದೆ. ದೂರನೂ ಶೀಟಿಗೆ ತಾಳೆ ನೋಡ್ದೆ, ಸರಿಹೋಯ್ತು. ಶೀಟನ್ನ ಅವತ್ತೇ ಇಸ್ಕೊಂಡ್ರು. ಈಗ ತೋರಿಸ್ತಿರೋದ್ರಲ್ಲಿ ಇಪ್ಪತ್ತೊಂದು ಐತೆ. ನಂದೇ ತಪ್ಪಂತೆ. ಲೈಸೆನ್ಸ್ ಹೋಯ್ತದೆ."

ದೂರ ಸರಿಹೋಗದೆ ಏನು? ಅದೇ ತಪ್ಪು ಅಂಕಿಯಿಂದಲೇ ನಮ್ಮ ಕಂಪ್ಯೂಟರೂ ದೂರ ಲೆಕ್ಕ ಹಾಕಿರುತ್ತದೆ. ತಪ್ಪಿಗೆ ತಪ್ಪೇ ಸಾಕ್ಷಿ.

ಹದಿನೇಳರಂದು ಹೊಸದಾಗಿ ಹೊಡೆದುಕೊಟ್ಟ ಕಾರ್ಡು ನೆನಪಾಗಿ ಊಟದ ಡಬ್ಬಿ ಮುಚ್ಚಿದೆ.

ಅದೇ ದಿನ, ಸಂಜೆ

ಸಾಮಾನಿನ ಚೀಟಿ ಬರೆದಿದ್ದ ಹಳೆಯ ಕಾರ್ಡು ಅಡುಗೆಮನೆಯಲ್ಲಿ ಬೇಳೆ ಡಬ್ಬದ ಕೆಳಗೆ ಸಿಕ್ಕಿತು. ಅಕ್ಷಾಂಶ 20 ಡಿಗ್ರಿ 18 ಮಿನಿಟು; ಇರಬೇಕಾದದ್ದು 21, ಒಂದು ಡಿಗ್ರಿಗೆ ಅರವತ್ತು ಮೈಲಿ. ಕೊನೆಯಲ್ಲಿ ಒಂಬತ್ತನೇ ತಾರೀಖು, ನನ್ನ ಆಪರೇಟರ್ ನಂಬರು.

ಯಜಮಾನರಿಗೆ ತೋರಿಸಿದೆ. ನನ್ನ ಗಂಡ ಖಾದರ್ ಬಾಷಾ ಕೋಪ ಮಾಡಿಕೊಳ್ಳುವ ಮನುಷ್ಯರಲ್ಲ. ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. "ಒಲೆಗೆ ಹಾಕ್ಬಿಡು. ಆ ಹುಡುಗನಿಗೆ ಬೇರೆ ಕೆಲಸ ಸಿಗುತ್ತೆ. ನಿನ್ಗೆ ಈ ವಯಸ್ಸಲ್ಲಿ ಯಾರ್ ಕೊಡ್ತಾರೆ?"

ಹಾಕಲಿಲ್ಲ. ಬ್ಯಾಗಿನಲ್ಲಿಟ್ಟುಕೊಂಡೆ.

ಮಾರ್ಚ್ 9, ಬುಧವಾರ

ವಿಚಾರಣೆಗೆ ಬಂದಿದ್ದ ಅಧಿಕಾರಿಯ ಮುಂದೆ ಕಾರ್ಡಿಟ್ಟೆ. ಅವರು ತಿರುಗಿಸಿ ನೋಡಿದರು.

"ಇದರ ಹಿಂದೆ ತೊಗರಿಬೇಳೆ ಅಂತ ಬರೆದಿದೆಯಲ್ರೀ?"

"ಹೌದು ಸಾರ್. ಮುಂದೆ ನೋಡಿ."

ನೋಡಿದರು. ಪಕ್ಕದ ಕುರ್ಚಿಯಲ್ಲಿದ್ದ ಅಶ್ವತ್ಥಪ್ಪ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಮೆಷಿನ್ ಕೆಟ್ಟದ್ದು, ಹದಿನೇಳರಂದು ಮತ್ತೆ ಹೊಡೆಸಿದ್ದು, ಎಲ್ಲ ಹೇಳಿದೆ.

"ಈ ತಪ್ಪು ನೀವು ಮಾಡಿದ್ದು ಅಂತ ಬರ್ಕೊಳ್ಲಾ?"

"ಬರ್ಕೊಳ್ಳಿ ಸಾರ್."

ಸಹಿ ಹಾಕಿದೆ. ಮೆಟ್ಟಿಲು ಇಳಿದು ಬಸ್ಸು ಹಿಡಿದೆ.

ಏಪ್ರಿಲ್ 20, ಬುಧವಾರ, ಸಂಜೆ

ಆರ್ಡರ್ ಬಂತು. ನನ್ನನ್ನು ತೆಗೆದಿದ್ದಾರೆ. ಅಶ್ವತ್ಥಪ್ಪನವರಿಗೆ ಡಿಮೋಷನ್. ಯಜಮಾನರು ಓದಿ ಮಡಚಿಟ್ಟರು, ಬೈಯಲಿಲ್ಲ. ಚಹಾ ಅವರೇ ಮಾಡಿದರು.

ಆಮೇಲೆ ಚಿಕ್ಕಬೈರಪ್ಪ ತಾಯಿಯನ್ನು ಕರೆದುಕೊಂಡು ಬಂದ. ಅವನಿಗೆ ಸೋಮವಾರದಿಂದ ಮತ್ತೆ ಡ್ಯೂಟಿ. ಅವನು ಬಾಗಿಲಲ್ಲೇ ನಿಂತಿದ್ದ. ತಾಯಿ ಮುನಿವೆಂಕಟಮ್ಮ ಮಾತ್ರ ಒಳಗೆ ಬಂದು ಚಾಪೆಯ ಮೇಲೆ ಕುಳಿತು ನನ್ನ ಕೈ ಹಿಡಿದುಕೊಂಡರು. ಹೊಲದ ಕೆಲಸದ ಒರಟು ಕೈ.

"ನೀನು ಯೋಳ್ದೆ ಇದ್ದಿದ್ರೆ ಯಾರ್ಗೂ ಗೊತ್ತಾಯ್ತಿರ್ನಿಲ್ಲ. ಇಂಗೆ ಕೆಲ್ಸ ಕಳ್ಕೊಂಡ್ಯಲ್ಲ… ಯಾಕ್ ಯೋಳ್ದೆ ತಾಯಿ?"

ಊಟ ಮಾಡಿಕೊಂಡು ಹೋಗಿ ಎಂದಷ್ಟೇ ಅಂದೆ. ಮಾಡಿದರು. ಅವರು ಹೋದ ಮೇಲೆ ಮಲಗಿದರೆ ಎರಡು ಗಂಟೆ ನಿದ್ದೆ, ಎಷ್ಟೋ ತಿಂಗಳ ಮೇಲೆ.

ಎದ್ದಾಗಿನಿಂದ ಆ ಪ್ರಶ್ನೆಯೇ. ಧೈರ್ಯಕ್ಕಲ್ಲ. ಒಳ್ಳೆಯವಳು ಎನ್ನಿಸಿಕೊಳ್ಳುವುದಕ್ಕೂ ಅಲ್ಲ. ಅವತ್ತು ಅವನು ಕಿಟಕಿ ದೀಪ ಕಂಡವು ಎಂದನಲ್ಲ, ಆಗ ನನಗೆ ಹನ್ನೊಂದು ವರ್ಷದಲ್ಲಿ ಮೊದಲ ಸಲ, ನಾನು ಹೊಡೆದ ಅಂಕಿಗಳ ಆಚೆ ಆ ಕಿಟಕಿಗಳ ಪಕ್ಕ ಕೂತ ಜನ ಕಂಡರು.