ಇಸ್ತ್ರಿ ಪೆಟ್ಟಿಗೆಯಲ್ಲಿ ಸುಟ್ಟ ಬ್ರೆಡ್ಡು

ಹೋಟೆಲ್ ಕೋಣೆ, ನಾಲ್ಕನೇ ಮಹಡಿ
ಬುಧವಾರ ಮಧ್ಯಾಹ್ನ, ಮೇ ೧೪

ನಮ್ಮ ಯಜಮಾನರಿಗೆ ನಮಸ್ಕಾರ.

ಹೇಗಿದ್ದೀರಿ? ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲಾ ಸೀಸೆಯ ಮುಖ ನೋಡಿದರೇ ನೋವು ಓಡಿಹೋಗುತ್ತದೆ ಅಂತ ಕಿಟಕಿಯಲ್ಲಿ ನಿಲ್ಲಿಸಿ ಕೂತಿದ್ದೀರೋ? ಊಟಕ್ಕೆ ಪಕ್ಕದ ಮನೆಯವರು ಕರೆದರೆ ಬಿಂಕ ಮಾಡದೆ ಹೋಗಿ. ಮಲಗುವ ಮುಂಚೆ ಗ್ಯಾಸ್ ಆರಿಸಿದ್ದೀರಾ ಅಂತ ಒಮ್ಮೆ ಅಲ್ಲ, ಎರಡು ಸಲ ನೋಡಿ. ನಾವೆಲ್ಲ ಇಲ್ಲಿ ಕ್ಷೇಮ. ಹಾಗೆ ಬರೆಯುವುದು ರೂಢಿ, ಅದಕ್ಕೆ ಬರೆದೆ. ಮೈಗೇನೂ ಆಗಿಲ್ಲ, ತಲೆ ಮಾತ್ರ ಕಾದ ಹೆಂಚಾಗಿದೆ.

ಫೋನು ಇರುವಾಗ ಕಾಗದ ಯಾಕೆ ಅಂತ ಹುಬ್ಬೇರಿಸಬೇಡಿ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀವು "ಸರಿ ಸರಿ, ಎಲ್ಲಾ ಚೆನ್ನಾಗಿದೀರಲ್ಲ, ಇಡ್ತೀನಿ" ಅನ್ನುತ್ತೀರಿ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ನಾವು ಭಾನುವಾರ ಊರು ಸೇರುವ ಮೊದಲೇ ಇದು ನಿಮ್ಮ ಕೈಗೆ ಬರುತ್ತದೆ ಅಂತ ಕೆಳಗಿನ ಕೌಂಟರಿನ ಹುಡುಗಿ ಭರವಸೆ ಕೊಟ್ಟಿದ್ದಾಳೆ. ಕನ್ನಡಕ ಹಾಕಿಕೊಂಡು, ಕೂತು, ಕೊನೆಯವರೆಗೆ ಓದಿ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ ಅನ್ನಿಸಿದರೂ ಓದಿ, ಏಕೆಂದರೆ ಗೊತ್ತಿದ್ದೂ ನೀವು ಯಾವತ್ತೂ ಯೋಚನೆ ಮಾಡಿದವರಲ್ಲ. ನರ್ಸುಗಳ ಹಾಸ್ಟೆಲಿನ ಬೆಳಗಿನ ತಿಂಡಿಯ ಗುತ್ತಿಗೆ ಹಿಡಿದು ಮೂವತ್ತು ವರ್ಷವಾಯಿತು. ಗುತ್ತಿಗೆ ನಿಮ್ಮ ಹೆಸರಲ್ಲಿ, ಒಲೆ ನನ್ನ ಹೆಸರಲ್ಲಿ. ಬೆಳಗಿನ ಪಾಳಿಯ ಹುಡುಗಿಯರು ಆಸ್ಪತ್ರೆಗೆ ಓಡುವ ಮುಂಚೆ ತಟ್ಟೆಗೆ ಬಿಸಿಬಿಸಿ ಬೀಳಬೇಕು. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಮತ್ತೊಂದು ಸುತ್ತು. ಆಮೇಲೆ ತಳದಲ್ಲಿ ಏನಾದರೂ ಉಳಿದರೆ ನನಗೆ. ಮದುವೆಯಾದ ಮೇಲೆ ನಾನು ಮಾಡದ ತಿಂಡಿಯನ್ನು ನಾನು ತಿಂದದ್ದು ಒಂದೇ ಸಲ, ಮಗನನ್ನು ಹೆತ್ತಾಗ, ಹೆರಿಗೆ ಆಸ್ಪತ್ರೆಯ ಮಂಚದ ಮೇಲೆ. ಅದೂ ಹಾಲು ಬ್ರೆಡ್ಡು. ಅಲ್ಲೂ ಪಕ್ಕದ ಮಂಚದ ಬಾಣಂತಿಗೆ ಬ್ರೆಡ್ಡು ಅದ್ದಿ ಕೊಟ್ಟವಳು ನಾನೇ.

ಹಾಗಾಗಿ ಈ ಪ್ರವಾಸದಲ್ಲಿ ನನಗೆ ಇದ್ದದ್ದು ಒಂದೇ ಆಸೆ. ಸಮುದ್ರ ನೋಡಬೇಕು ಅಂತೇನೂ ಇರಲಿಲ್ಲ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಒಂದು ಬೆಳಿಗ್ಗೆ ನಾನು ಕೂತಿರಬೇಕು, ಯಾರೋ ಮಾಡಿದ ಬಿಸಿ ತಿಂಡಿ ನನ್ನ ಮುಂದೆ ಇರಬೇಕು, ಅದನ್ನು ನಾನು ಏಳದೆ, ಯಾರಿಗೆ ಏನು ಬೇಕು ಅಂತ ನೋಡದೆ, ಆರುವ ಮೊದಲೇ ತಿನ್ನಬೇಕು. ಇಷ್ಟೇ. ಮಗ ಕೂಡ ಹೊರಡುವಾಗ "ಅಮ್ಮಾ, ಒಂದು ವಾರ ನೀನು ಕೈ ಒದ್ದೆ ಮಾಡ್ಕೋಬಾರ್ದು" ಅಂದಿದ್ದ. ಆ ಮಾತಿಗೆ ಕರಗಿ ಹೊಸ ಚಪ್ಪಲಿ ಕೊಂಡೆ. ಬಸ್ ನಿಲ್ದಾಣದಲ್ಲಿ ನೀವು ಏನು ಅಂದಿರಿ, ನೆನಪಿದೆಯೇ? "ಹೋಗಿ ಆರಾಮಾಗಿದ್ದು ಬಾ. ಬಂದ ಮೇಲೆ ವಾರ್ಡನ್ ಮೇಡಮ್ಮಿಗೆ ಇನ್ನೈದು ವರ್ಷಕ್ಕೆ ಹೂಂ ಅಂದುಬಿಡೋಣ." ಎತ್ತಿಗೆ ಮೇವು ಹಾಕುವಾಗಲೂ ಇಷ್ಟು ಬೇಗ ನೊಗದ ಸುದ್ದಿ ಎತ್ತುವುದಿಲ್ಲ. ನಾನು ಬಸ್ಸು ಹತ್ತಿದೆ.

ಇಲ್ಲಿಗೆ ಬಂದು ನಿಮ್ಮ ಮಗ ದೊಡ್ಡ ಚೀಲ ಬಿಚ್ಚಿದ. (ಒಳ್ಳೆಯದು ಮಾಡಿದಾಗ ಅವನು ನನ್ನ ಮಗ. ಈ ಕಾಗದ ಮುಗಿಯುವವರೆಗೂ ನಿಮ್ಮ ಮಗ.) ದಾರಿಯುದ್ದಕ್ಕೂ ಅದರಲ್ಲಿ ಏನು ಇಷ್ಟು ಭಾರ ಅಂತ ಯೋಚಿಸುತ್ತಿದ್ದೆ. ಬ್ರೆಡ್ಡು, ಬೆಣ್ಣೆ, ಟವೆಲ್ಲಿನಲ್ಲಿ ಸುತ್ತಿದ ಮೊಟ್ಟೆಗಳು, ಟೀ ಪುಡಿ, ಸಕ್ಕರೆ ಡಬ್ಬಿ, ಚಾಕು, ಪ್ಲಾಸ್ಟಿಕ್ ತಟ್ಟೆಗಳು. ಎಲ್ಲಕ್ಕಿಂತ ಕೊನೆಗೆ, ಚೀಲದ ತಳದಿಂದ, ಪಾತ್ರೆ ತೊಳೆಯುವ ಸೋಪು ಮತ್ತು ನಾರು. ಆ ನಾರನ್ನು ನೋಡಿದ ಕೂಡಲೇ ನನಗೆ ಅರ್ಥವಾಯಿತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದ ಹಾಗಾಯಿತು. ಈ ಹೋಟೆಲಿನಲ್ಲಿ ಬೆಳಗಿನ ತಿಂಡಿ ಬಾಡಿಗೆಯಲ್ಲಿ ಸೇರಿಲ್ಲವಂತೆ, ತಲೆಗಿಷ್ಟು ಅಂತ ಬೇರೆ ಕೊಡಬೇಕಂತೆ. "ನಾಲ್ಕು ಜನದ ತಿಂಡಿ ದುಡ್ಡು ಉಳಿಸಿದ್ರೆ ದೋಣಿ ಸವಾರಿ ಆಗುತ್ತಮ್ಮ. ಬ್ರೆಡ್ಡಿಗೆ ಯಾರಾದ್ರೂ ಅಷ್ಟು ದುಡ್ಡು ಕೊಡ್ತಾರಾ? ನಿನ್ನ ಕೈಗೆ ಇದೆಲ್ಲ ಎಷ್ಟರ ಕೆಲಸ!" ಅಂತ ಹೇಳಿ ಚಾಕುವನ್ನು ನನ್ನ ಕೈಗೇ ಕೊಟ್ಟ.

ಅವನ ಜಾಣತನ ನೋಡಬೇಕು ನೀವು. ನೀವು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರುತ್ತಾನೆ. ಕೋಣೆಯಲ್ಲಿ ಒಂದು ಕೆಟಲ್ ಇದೆ, ಟೀಗೆ ಅಂತ ಹೋಟೆಲಿನವರು ಇಟ್ಟಿರುವುದು. ಅದರಲ್ಲಿ ಮೊದಲು ಮೊಟ್ಟೆ ಬೇಯಿಸಬೇಕು, ಆಮೇಲೆ ಅದರಲ್ಲೇ ಟೀ. ಎಷ್ಟು ತೊಳೆದರೂ ಟೀಗೆ ಮೊಟ್ಟೆಯ ವಾಸನೆ ಬಿಡುವುದಿಲ್ಲ. ಮುಖ ತೊಳೆಯುವ ಬೇಸಿನ್ನಿಗೆ ಐಸ್ ಸುರಿದು ಹಾಲು, ಬೆಣ್ಣೆ ಇಟ್ಟಿದ್ದಾನೆ, ಆದ್ದರಿಂದ ನಾವೆಲ್ಲ ಹಲ್ಲುಜ್ಜುವುದು ಸ್ನಾನದ ನಲ್ಲಿಯಲ್ಲಿ. ಬಟ್ಟೆ ಇಸ್ತ್ರಿ ಮಾಡುವ ಉದ್ದನೆಯ ಮೇಜೇ ಅಡುಗೆಮನೆ. ಬ್ರೆಡ್ಡಿಗೆ ಬೆಣ್ಣೆ ಸವರಿ, ಬೆಳ್ಳಿ ಕಾಗದದಲ್ಲಿ ಸುತ್ತಿ, ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು ಒತ್ತಬೇಕು. ಮೊದಲ ದಿನ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿಕೊಟ್ಟೆ, ಬೆನ್ನ ಮೇಲೆ ಬೆಣ್ಣೆಯ ಕಲೆ ಕೂತಿತು. ನನಗೆ ಒಳಗೊಳಗೇ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಕೋಣೆಯೊಳಗೆ ಅಡುಗೆ ಮಾಡಬಾರದು ಅಂತ ಬಾಗಿಲ ಹಿಂದೆ ಒಂದು ಫಲಕ ಇದೆ, ಅದರ ಮೇಲೆ ತನ್ನ ಪ್ಯಾಂಟು ನೇತುಹಾಕಿದ್ದಾನೆ. ವಾಸನೆ ಹೊರಗೆ ಹೋಗದಿರಲಿ ಅಂತ ಬಾಗಿಲ ಸಂದಿಗೆ ಒದ್ದೆ ಟವೆಲ್. ಕೋಣೆ ಗುಡಿಸುವ ಹೆಂಗಸು ಬಂದರೆ ಕೆಮ್ಮಬೇಕು ಅಂತ ಮೊಮ್ಮಗಳು ಚಿನಕುರುಳಿಗೆ ಹೇಳಿಕೊಟ್ಟಿದ್ದಾನೆ. ಆ ಮಗು ಆಟ ಅಂದುಕೊಂಡು ದಿನವಿಡೀ ಕೆಮ್ಮುತ್ತಿದೆ. ಸೊಸೆಯನ್ನು ನಾನು ದೂರುವುದಿಲ್ಲ. ಅವಳು ಮೊಟ್ಟೆ ಸುಲಿದು ಕೊಡುತ್ತಾಳೆ, ಅತ್ತೆ ನೀವೂ ತಿನ್ನಿ ಅನ್ನುತ್ತಾಳೆ. ಆದರೆ ತಿನ್ನುವುದೆಲ್ಲಿ? ಇಸ್ತ್ರಿ ಪೆಟ್ಟಿಗೆ ಹಿಡಿದವಳಿಗೆ ಕೂರಲು ಆಗುತ್ತದೆಯೇ? ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಇಷ್ಟಾದರೂ ಹಲ್ಲು ಕಚ್ಚಿಕೊಂಡಿದ್ದೆ. ಮಕ್ಕಳು ದುಡ್ಡು ಉಳಿಸಿದರೆ ತಪ್ಪೇನು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿನ್ನೆ ಸಂಜೆ ಲಿಫ್ಟಿನಲ್ಲಿ ನಮ್ಮದೇ ಮಹಡಿಯ ಮೇಷ್ಟ್ರು ಮತ್ತು ಅವರ ಹೆಂಡತಿ ಸಿಕ್ಕಿದರು. ಕೆಳಗಿನ ತಿಂಡಿ ದುಬಾರಿ ಅಂತ ಆ ಮೇಷ್ಟ್ರು ಗೊಣಗಿದರು. ಅದಕ್ಕೆ ನಿಮ್ಮ ಮಗ ಎದೆ ಸೆಟೆಸಿಕೊಂಡು ಏನು ಹೇಳಿದ ಗೊತ್ತೇ? "ನಮಗೆ ತಿಂಡಿ ಚಿಂತೆನೇ ಇಲ್ಲ ಸಾರ್, ಅಮ್ಮನ್ನ ಕರ್ಕೊಂಡು ಬಂದಿದೀವಿ." ನನ್ನ ಮೈಯೆಲ್ಲ ಉರಿದುಹೋಯಿತು. ನನ್ನನ್ನು ಕರೆದುಕೊಂಡು ಬಂದದ್ದೋ, ಒಲೆಯನ್ನು ಹೊತ್ತುಕೊಂಡು ಬಂದದ್ದೋ? ಆ ಮೇಷ್ಟ್ರ ಹೆಂಡತಿ ನನ್ನ ಮುಖ ನೋಡಿದಳು, ಪಾಪ.

ಇವತ್ತು ಬೆಳಿಗ್ಗೆ ಮಗ ಸೊಸೆ ಏಳುವ ಮೊದಲೇ ಹೊಸ ಚಪ್ಪಲಿ ಮೆಟ್ಟಿ, ನನ್ನ ಸ್ವಂತ ಪರ್ಸು ಹಿಡಿದು, ಯಾರ ಅಪ್ಪಣೆಯನ್ನೂ ಕೇಳದೆ ಕೆಳಗೆ ಇಳಿದೆ. ಬಾಗಿಲಲ್ಲೇ ದುಡ್ಡು ಕಟ್ಟಿ ಚೀಟಿ ತೆಗೆದುಕೊಂಡೆ. ಎಂಥ ಊಟದ ಹಾಲ್ ಅದು! ದೊಡ್ಡ ದೊಡ್ಡ ಗಾಜಿನ ಕಿಟಕಿ, ಬಿಳಿ ಬಟ್ಟೆ ಹಾಸಿದ ಮೇಜು, ಗೋಡೆಯುದ್ದಕ್ಕೂ ಮುಚ್ಚಳದ ಪಾತ್ರೆಗಳ ಸಾಲು, ಕೆಳಗೆ ಸಣ್ಣ ಉರಿ. ಎಲ್ಲರೂ ತಾವೇ ಹಾಕಿಕೊಳ್ಳಬೇಕು. ನಾನು ತಟ್ಟೆ ಹಿಡಿದು ಸಾಲಿನಲ್ಲಿ ನಿಂತೆ. ಹುರಿದ ಆಲೂಗಡ್ಡೆಯ ಪಾತ್ರೆಯ ಮುಚ್ಚಳ ತೆಗೆದು ಸೌಟು ಹಿಡಿದೆ. ಹಿಡಿದದ್ದೇ ತಪ್ಪಾಯಿತು ನೋಡಿ. ನನ್ನ ಹಿಂದೆ ಊರುಗೋಲು ಹಿಡಿದ ಒಬ್ಬ ಮುದುಕರು ಒಂದೇ ಕೈಯಲ್ಲಿ ತಟ್ಟೆ ಹಿಡಿದು ಒದ್ದಾಡುತ್ತಿದ್ದರು. ಪಾಪ ಅಂತ ಅವರಿಗೊಂದು ಸೌಟು ಹಾಕಿದೆ. ಅವರ ಹಿಂದೆ ಕೂಸು ಎತ್ತಿಕೊಂಡ ಹೆಂಗಸು, ಅವಳಿಗೂ ಹಾಕಿದೆ. ಅವಳ ಹಿಂದಿನವನು ತಾನಾಗಿಯೇ ತಟ್ಟೆ ಚಾಚಿದ. ಆಮೇಲೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. ತಟ್ಟೆ ಬರುತ್ತಿತ್ತು, ಸೌಟು ಏಳುತ್ತಿತ್ತು, ತಟ್ಟೆ ಹೋಗುತ್ತಿತ್ತು. "ಸ್ವಲ್ಪ ಬಿಸಿ ಇರೋದು ತರ್ತೀರಾ?" ಅಂತ ಯಾರೋ ಕೇಳಿದರು. ನಾನು ಹೋಗಿ ಅಡುಗೆಮನೆಯ ಬಾಗಿಲು ತಳ್ಳಿ, ಆಲೂಗಡ್ಡೆ ಖಾಲಿಯಾಗುತ್ತಿದೆ, ಬೇಗ ಕಳಿಸಿ, ಈ ಸಲ ಉಪ್ಪು ಸರಿಯಾಗಿ ಹಾಕಿ ಅಂತ ಕೂಗಿ ಬಂದೆ! ಅವರೂ "ಆಯ್ತು ಅಮ್ಮಾ" ಅಂದರು!

ಎಲ್ಲರೂ ಬಡಿಸಿಕೊಂಡು ಹೋದ ಮೇಲೆ ನನ್ನ ತಟ್ಟೆ ಎಲ್ಲಿ ಅಂತ ನೋಡಿದರೆ, ಖಾಲಿ ತಟ್ಟೆ ಪಕ್ಕದಲ್ಲಿ ಹಾಗೇ ಇತ್ತು. ಅಷ್ಟರಲ್ಲಿ ಹೊತ್ತು ಮುಗಿಯಿತು ಅಂತ ಪಾತ್ರೆಗಳನ್ನೆಲ್ಲ ಎತ್ತತೊಡಗಿದರು. ಕಪ್ಪು ಕೋಟಿನ ಮೇಲ್ವಿಚಾರಕ ಬಂದು ನನ್ನ ಕೈಯಿಂದ ಸೌಟು ತೆಗೆದುಕೊಂಡು "ಹೊಸದಾಗಿ ಸೇರಿದೀರಾ? ನಾಳೆಯಿಂದ ಏಪ್ರನ್ ಹಾಕ್ಕೊಂಡು ಬನ್ನಿ" ಅಂದ. ನಾನು ಚೀಟಿ ತೋರಿಸಿದೆ. ಅವನ ಮುಖ ಇಂಗು ತಿಂದ ಮಂಗನಂತಾಯಿತು. ಅಯ್ಯೋ ತಪ್ಪಾಯ್ತು, ಕೂತ್ಕೊಳ್ಳಿ, ಏನಾದ್ರೂ ಮಾಡಿಸ್ತೀನಿ ಅಂತ ಗೋಗರೆದ. ಅವನ ಮೇಲೆ ಕೂಗಾಡಬೇಕು ಅಂತಿದ್ದೆ. ಆದರೆ ಅವನು ಮಾಡಿದ್ದಾದರೂ ಏನು? ಬೇಡ ಅಂದು ಮೇಲೆ ಬಂದುಬಿಟ್ಟೆ.

ಕೋಣೆಯಲ್ಲಿ ನಿಮ್ಮ ಮಗ ತಾನೇ ಇಸ್ತ್ರಿ ಪೆಟ್ಟಿಗೆ ಒತ್ತಿ, ಒಂದು ಮಗ್ಗುಲು ಕರ್ರಗೆ ಸುಟ್ಟ ಬ್ರೆಡ್ಡು ನನಗೆ ಅಂತ ಎತ್ತಿಟ್ಟಿದ್ದ. "ಎಲ್ಲಿಗೆ ಹೋಗಿದ್ದೆ ಅಮ್ಮಾ, ನಿನ್ನ ಕಾಯ್ತಾ ಕಾಯ್ತಾ ಹಸಿವಾಯ್ತು" ಅಂದ. ಸುಮ್ಮನೆ ವಾಕಿಂಗ್ ಅಂದೆ. ಬ್ರೆಡ್ಡು ತಿಂದೆ, ನಿಂತುಕೊಂಡೇ ತಿಂದೆ. ಕೂರು ಅಂತ ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಆಮೇಲೆ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹಸಿವಿಗಲ್ಲ ರೀ. ಮಗನ ಮೇಲೆ ಸಿಟ್ಟು, ಆ ಕೋಟಿನವನ ಮೇಲೆ ಸಿಟ್ಟು, ನಿಮ್ಮ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟು. ಆದರೆ ಎಲ್ಲಕ್ಕಿಂತ ಭಯವಾದದ್ದು ನನ್ನ ಈ ಕೈಯನ್ನು ನೋಡಿ. ದುಡ್ಡು ಕೊಟ್ಟು, ಎದುರಿಗೆ ರಾಶಿ ತಿಂಡಿ ಇದ್ದು, ಯಾರೂ ಬೇಡ ಅನ್ನದೆ ಇದ್ದಾಗಲೂ ಅದಕ್ಕೆ ನನ್ನ ಬಾಯಿಯ ದಾರಿ ಗೊತ್ತಾಗಲಿಲ್ಲ. ಇನ್ನೂ ಐದು ವರ್ಷ ಅದನ್ನು ಸೌಟಿಗೆ ಕಟ್ಟಿಹಾಕಿದರೆ ನಾನು ಅನ್ನುವವಳು ಎಲ್ಲಿ ಉಳಿಯುತ್ತೇನೆ?

ಈಗ ಅವರೆಲ್ಲ ದೋಣಿ ಸವಾರಿಗೆ ಹೋಗಿದ್ದಾರೆ. ತಲೆನೋವು ಅಂತ ನಾನು ಉಳಿದುಕೊಂಡೆ. ಕೋಣೆ ಗುಡಿಸುವ ಹೆಂಗಸು ಬಂದಿದ್ದಳು. ಬೇಸಿನ್ನಿನ ಬೆಣ್ಣೆ, ಇಸ್ತ್ರಿ ಮೇಜಿನ ಮೇಲಿನ ಬ್ರೆಡ್ಡಿನ ಪುಡಿ ಎಲ್ಲ ನೋಡಿದಳು, ನಕ್ಕಳು, "ಎಲ್ಲ ಕೋಣೇಲೂ ಹೀಗೇ ಅಮ್ಮಾ, ಎಲ್ಲ ಕೋಣೇಲೂ ಒಬ್ಬರು ಅಮ್ಮ ಇರ್ತಾರೆ" ಅಂದಳು. ನನಗೆ ನಗು ಬರಲಿಲ್ಲ.

ಪಕ್ಕದ ಮನೆಯವರಿಗೆ ನಾನು ಕೇಳಿದೆ ಅಂತ ಹೇಳಿ. ಮಾತ್ರೆ ಮರೆಯಬೇಡಿ. ಮಂಡಿ ಮಡಚಿ ನೆಲದ ಮೇಲೆ ಕೂರಬೇಡಿ, ಏಳುವಾಗ ಎತ್ತಲು ನಾನಿಲ್ಲ. ಸಿಟ್ಟಿನಲ್ಲಿ ಬರೆದದ್ದು ಹೌದು, ಆದರೆ ಯಾವುದನ್ನೂ ಹೊಡೆದುಹಾಕುವುದಿಲ್ಲ. ನಿಮ್ಮ ಆರೋಗ್ಯ ಚೆನ್ನಾಗಿರಲಿ.

ಇಂತಿ ನಿಮ್ಮ
ಮನೆಯವಳು

ತಾ.ಕ.: ಮೆಟ್ಟಿಲಲ್ಲಿ ಚಿನಕುರುಳಿಯ ಕೆಮ್ಮು ಕೇಳುತ್ತಿದೆ, ಅವರು ಬಂದರು, ಅದಕ್ಕೆ ಬೇಗ ಬರೆಯುತ್ತೇನೆ. ನಾಳೆ ಬೆಳಿಗ್ಗೆಗೆ ಎರಡು ಚೀಟಿ ತೆಗೆದಿಟ್ಟಿದ್ದೇನೆ, ನನಗೊಂದು, ನಿಮ್ಮ ಮಗನಿಗೊಂದು. ಅವನು ತಂದು ಬಡಿಸಬೇಕು, ನಾನು ಕೂತಿರುತ್ತೇನೆ. ಇನ್ನೊಂದು ವಿಷಯ. ಕೌಂಟರಿನ ಫೋನಿನಿಂದ ವಾರ್ಡನ್ ಮೇಡಮ್ಮಿಗೆ ನಾನೇ ಮಾತಾಡಿ, ಮುಂದಿನ ತಿಂಗಳಿನಿಂದ ತಿಂಡಿಗೆ ಬೇರೆಯವರನ್ನು ನೋಡಿಕೊಳ್ಳಿ ಅಂತ ಹೇಳಿಬಿಟ್ಟೆ. "ಯಜಮಾನ್ರನ್ನ ಒಂದ್ಮಾತು ಕೇಳಿದ್ರಾ?" ಅಂದರು. ಮೂವತ್ತು ವರ್ಷದಲ್ಲಿ ಅವರೂ ನನ್ನನ್ನು ಕೇಳಿಲ್ಲ ಮೇಡಂ, ಅಂದೆ.