ಕೆಳಗಿನಿಂದ ಕಟ್ಟಿದ ಹಾಡು

ಇಸವಿ ೨೨೧೮, ಎರಡನೆಯ ಬೇಸಿಗೆ, ಮುಚ್ಚುವೇಳೆ
ಮಗ್ಗದ ಓಣಿ, ಗುಳೇದಗುಡ್ಡ

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ ಹಂಪವ್ವ ಮಾಡುವ ಶರಣು.

ನಿನ್ನೆ ಒಂದು ಕೆಟ್ಟ ಕನಸು ಬಿತ್ತು. ಓಣಿಯ ಕಹಳೆ ಹಾಡುತ್ತಿದೆ, ಸ್ವರ ಏರುತ್ತಲೇ ಇದೆ, ನಿಲ್ಲುವುದಿಲ್ಲ. ಎಲ್ಲರ ಮನೆ ಬಾಗಿಲೂ ತೆರೆಯುತ್ತಿವೆ. ನಾನು ಕೂಗಬೇಕು, ಆದರೆ ಬಾಯಿ ತುಂಬ ನೂಲು. ಎಚ್ಚರವಾದ ಮೇಲೂ ಬಾಯಿಗೆ ಬೆರಳು ಹಾಕಿ ನೋಡಿಕೊಂಡೆ. ಆ ದಿಗಿಲಿನಲ್ಲೇ ಈ ಕಾಗದ ಬರೆಯುತ್ತಿದ್ದೇನೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಮ್ಮ ಕಾಲದ ಶಾಲೆ ನೆರಳು ಸಿಕ್ಕ ಊರಿಗೆ ಎದ್ದು ಹೋಗುತ್ತಿತ್ತು; ಅದರ ಹಿಂದೆ ಹೋದಷ್ಟು ದಿನ ಓದಿದೆ, ಉಳಿದ ದಿನ ಮಗ್ಗದ ಮುಂದೆ ಕೂತೆ. ತಪ್ಪಿದ್ದಲ್ಲಿ ನೀವೇ ತಿದ್ದಿಕೊಳ್ಳಿ.

ಮುಚ್ಚುವೇಳೆ ಎಂದರೆ ಬಿಸಿಲು ಮನುಷ್ಯರನ್ನು ಕೊಲ್ಲಬಲ್ಲ ಹೊತ್ತು. ಆಗ ಬಾಗಿಲು, ಕಿಟಕಿ ಹಾಕಿ, ಗೋಡೆಗೆ ಒದ್ದೆ ಕೌದಿ ಇಳಿಬಿಟ್ಟು, ಒಳಗೇ ನೇಯುತ್ತೇವೆ. ಹೊರಗಿನ ಸುದ್ದಿ ಹೇಳುವುದು ಕಹಳೆಕಂಬ. ಬಿಸಿಲು ಹೆಚ್ಚಿದಾಗಲೆಲ್ಲ ಅದು ಇಳಿಯುವ ಹಾಡು ಹಾಡುತ್ತದೆ: ಒಳಗಿರಿ ಎಂದು ಅರ್ಥ. ಬಿಸಿಲು ತಗ್ಗಿದರೆ ಏರುವ ಹಾಡು: ಇನ್ನು ಬರಬಹುದು. ಎಲ್ಲ ಊರಿಗೂ ಈ ನೇಮ ಒಂದೇ; ಹಾಡು ಮಾತ್ರ ಆಯಾ ಓಣಿಯವರೇ ಕಟ್ಟಿಕೊಳ್ಳಬೇಕು. ಕಂಬದೊಳಗೆ ಹಾಡು ನುಡಿಸುವ ಚಿಪ್ಪಿಗೆ ಬರುವುದು ನಾಲ್ಕೇ ದನಿ: ಎರಡು ಕೀಚಲು, ಒಂದು ತಗ್ಗಿನದು, ಒಂದು ಬರೀ ಸರ್ ಎನ್ನುವ ಗದ್ದಲ. ನೀವು ಇದನ್ನು ಚಿಪ್‌ಟ್ಯೂನ್ ಎಂದು ಕರೆದು ಸಂತೋಷಕ್ಕೆ ಮಾಡುತ್ತಿದ್ದಿರಂತೆ. ನಾವು ಕೀಚಲುಹಾಡು ಎನ್ನುತ್ತೇವೆ.

ಹೋದ ಬೇಸಿಗೆಯಲ್ಲಿ ನಮ್ಮ ಕಂಬದ ಹಳೆಯ ಚಿಪ್ಪು ಸತ್ತು, ಹಾಡೂ ಹೋಯಿತು. ಹೊಸ ಚಿಪ್ಪಿಗೆ ಹಾಡು ಕಟ್ಟಲು ನನ್ನ ತಂಗಿಯ ಮಗಳು ದ್ಯಾಮವ್ವ ಒಪ್ಪಿದಳು. ಅವಳ ದನಿ ಚೆಂದ, ಲೆಕ್ಕ ಚುರುಕು. ಕೀಚಲುಹಾಡು ಮಾತ್ರ ಎಂದೂ ಕಟ್ಟಿದವಳಲ್ಲ. ಬಾಗಲಕೋಟೆಯಲ್ಲಿ ಉಳಿಕೆಮನೆ ಇದೆ, ನಿಮ್ಮ ಕಾಲದ ತಂತ್ರಾಂಶಗಳನ್ನು ಕಾಪಾಡುವ ಜಾಗ. ಹೊಸಬರಿಗೆ ಆಗುತ್ತದೆಂದು ಅವರು ಎರಡು ಕಳಿಸಿದರು. ನಮ್ಮ ಓಣಿಯ ಹಾಡು ಕಟ್ಟುವ ಯಂತ್ರದಲ್ಲಿ ಜಾಗ ಒಂದಕ್ಕೇ. ಆರಿಸಬೇಕಾಗಿತ್ತು.

ಮೊದಲನೆಯದರಲ್ಲಿ ಹಾಡು ಬಣ್ಣದ ಪಟ್ಟಿಗಳಾಗಿ ಎಡದಿಂದ ಬಲಕ್ಕೆ ಓಡುತ್ತದೆ. ಉದ್ದ ಪಟ್ಟಿ ಉದ್ದ ಸ್ವರ, ಮೇಲಿನ ಪಟ್ಟಿ ಏರಿದ ಸ್ವರ. ಏನೂ ತಿಳಿಯದವರಿಗೂ ಕಣ್ಣಿಗೆ ಕಾಣುವಂಥದ್ದು. ಆದರೆ ತೆರೆದ ಕೂಡಲೇ ಹೆಸರು, ಪಾಸ್‌ವರ್ಡ್ ಕೇಳಿ, ಅದನ್ನು ಎಲ್ಲಿಗೋ ಕಳಿಸಿ, ಉತ್ತರಕ್ಕೆ ಕಾಯುತ್ತ ಕೂರುತ್ತದೆ. ಉತ್ತರ ಕೊಡುವವರು ಸತ್ತು ತಲೆಮಾರುಗಳಾದವು. ಎರಡನೆಯದು ಟ್ರ್ಯಾಕರ್ ಎಂಬ ಬಗೆಯದು. ಸಾಲಿನ ಮೇಲೆ ಸಾಲು, ಸಾಲಿಗೆ ನಾಲ್ಕು ಮನೆ, ಮನೆಗೊಂದು ದನಿ. ಮನೆಯೊಳಗೆ ಸ್ವರದ ಅಕ್ಷರ, ಮಗ್ಗುಲಲ್ಲಿ ಅಂಕಿ. ಅದು ಯಾರನ್ನೂ ಏನೂ ಕೇಳುವುದಿಲ್ಲ. ಅದನ್ನು ನೋಡಿ ದ್ಯಾಮವ್ವ ನಕ್ಕುಬಿಟ್ಟಳು. "ದೊಡ್ಡವ್ವ, ಇದು ನಮ್ಮ ಖಣದ ನಕ್ಷೆನ ಐತಲ್ಲ," ಎಂದಳು. ಖಣ ಎಂದರೆ ನಾವು ನೇಯುವ ಕುಪ್ಪಸದ ಅರಿವೆ; ಅದರ ನಕ್ಷೆಯೂ ಇಂಥದೇ ಸಾಲು, ಮನೆ. ಓಣಿಯವರೆಲ್ಲ ಬಂದು ನೋಡಿ ಹೌದೆಂದರು. ಅದನ್ನೇ ಇಟ್ಟುಕೊಂಡೆವು.

ಯಂತ್ರಕ್ಕೆ ಸ್ವಂತ ದನಿಯಿಲ್ಲ. ಕೇಳಬೇಕೆಂದರೆ ಕಹಳೆಯಲ್ಲೇ ಕೇಳಬೇಕು, ಕಹಳೆಯನ್ನೋ ಪರೀಕ್ಷೆಗೆಂದು ಊದುವಂತಿಲ್ಲ, ಓಣಿ ನಂಬಿಬಿಡುತ್ತದೆ. ಆದ್ದರಿಂದ ಅವಳು ಮನಸ್ಸಿನಲ್ಲೇ ಹಾಡಿಕೊಂಡು ಟ್ರ್ಯಾಕರ್‌ನ ಮನೆಗಳನ್ನು ತುಂಬಿದಳು. ಹಾಡನ್ನು ಕಂಬಕ್ಕೆ ಏರಿಸಿದ ದಿನ ನಾವೆಲ್ಲ ಒಳಗೇ ಇದ್ದೆವು. ಬಿಸಿಲು ಹೆಚ್ಚಿತು, ಕಹಳೆ ಶುರುವಾಯಿತು. ದ್ಯಾಮವ್ವನ ಲಾಳಿ ನಿಂತಿತು.

"ಇದು ನನ್ನ ಹಾಡಲ್ಲ ದೊಡ್ಡವ್ವ," ಎಂದಳು. "ಏರಾಕತ್ತೈತಿ."

ಆಗಲೇ ಅಗುಳಿ ತೆಗೆಯುವ ಸದ್ದು ಕೇಳಿಸಿತು. ಅವಳು ಒದ್ದೆ ಕೌದಿ ಹೊದ್ದು, ಬಾಗಿಲು ಹಾಕ್ರಿ ಎಂದು ಒದರುತ್ತ ಓಣಿಗೆ ಓಡಿದಳು. ಉಳಿದವರು ಹೊಸ್ತಿಲಿನಿಂದಲೇ ತಿರುಗಿದರು. ಎದುರು ಮನೆಯ ಈರಬಸಪ್ಪ ಕಾಕಾ ಮಾತ್ರ ಕೊಡ ಹಿಡಿದು ನೀರಿನ ಟಾಕಿಯ ತನಕ ಹೋಗಿಬಿಟ್ಟಿದ್ದರು. ಅಲ್ಲೇ ಬಿದ್ದರು. ಜೀವ ಉಳಿಯಿತು, ಬಲಗೈ ಈಗ ಲಾಳಿ ಹಿಡಿಯುವುದಿಲ್ಲ.

ಮರುದಿನ ಮಂಚದ ಮೇಲಿಂದಲೇ ಅವರು ಕೇಳಿದರು, "ಎಲ್ಲಿಂದ ಸುರು ಮಾಡಿದ್ದಿ ತಂಗಿ?"

"ಕೆಳಗಿನ ಸಾಲಿನಿಂದ ಕಾಕಾ. ಮತ್ತೆಲ್ಲಿಂದ?"

ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಮಗ್ಗದಲ್ಲಿ ಅರಿವೆ ನೇಯುವವರ ಹೊಟ್ಟೆಯ ಕಡೆಯಿಂದ ಬೆಳೆಯುತ್ತ ಹೋಗುತ್ತದೆ, ನಕ್ಷೆಯನ್ನು ಓದುವುದೂ ಹಾಗೆಯೇ, ಕೆಳಗಿನಿಂದ ಮೇಲಕ್ಕೆ. ನಿಮ್ಮ ಟ್ರ್ಯಾಕರ್ ಮೇಲಿನಿಂದ ಕೆಳಕ್ಕೆ ನುಡಿಯುತ್ತದೆ; ಅವಳ ಇಳಿಯುವ ಹಾಡು ತಿರುವುಮುರುವಾಗಿ ಏರಿತು. ಹಾಗೆಂದು ತೆರೆಯ ಮೇಲೆ ಎಲ್ಲಿಯೂ ಬರೆದಿಲ್ಲ. ನಿಮಗೆ ಅದು ಹೇಳಬೇಕಾದ ಸಂಗತಿ ಎಂದೇ ತೋರಿರಲಿಕ್ಕಿಲ್ಲ.

ಅಂದಿನಿಂದ ದ್ಯಾಮವ್ವ ಯಂತ್ರ ಮುಟ್ಟಲಿಲ್ಲ. ಕಹಳೆ ಬೇಡ, ತಾಟು ಬಡಿಯುತ್ತೇನೆ ಎಂದಳು. ಬಿಸಿಲು ಹೆಚ್ಚಿದಾಗಲೆಲ್ಲ ಕೌದಿ ಹೊದ್ದು ಮಾಳಿಗೆ ಹತ್ತುತ್ತಾಳೆ, ಓಣಿಯ ಎರಡೂ ತುದಿಗೆ ಕೇಳುವಂತೆ ಬಡಿದು ಇಳಿಯುತ್ತಾಳೆ. ಇಳಿದಾಗ ಕೌದಿ ಒಣಗಿ ಬಡಿಗೆಯಂತಾಗಿರುತ್ತದೆ. ತುಟಿ ಒಡೆದಿವೆ, ಮಾತು ಕಡಿಮೆಯಾಗಿದೆ. ನಾನು ಏಣಿಯ ಬುಡದಲ್ಲಿ ನಿಂತು ತಾಟಿನ ಸದ್ದನ್ನೇ ಕೇಳುತ್ತಿರುತ್ತೇನೆ. ಒಂದು ಪೆಟ್ಟು ತಡವಾದರೂ ಏಣಿಗೆ ಕಾಲಿಡುತ್ತೇನೆ.

ಕೊನೆಗೆ ಅವಳನ್ನು ಒಪ್ಪಿಸಿದವರು ಕಾಕಾ. "ಹಾಡು ಚಲೋನ ಇತ್ತವ್ವ. ಕಾಲು ಮ್ಯಾಲ ಮಾಡಿ ನಿಂದ್ರಿಸಿದ್ದಿ, ಅಷ್ಟ," ಎಂದರು. "ನೀ ಮಾಳಿಗಿ ಮ್ಯಾಲ ಸತ್ತರ ನನಗ ಹಾಸಿಗ್ಯಾಗ ಮಜಾ ಬರೂದಿಲ್ಲ. ನನ್ನ ಕೈ ಹೋಗಿದ್ದಕ್ಕರ ಒಂದು ಹಾಡು ಬರ್ಲಿ."

ಅವಳು ಮತ್ತೆ ಕೂತಳು. ಈ ಸಲ ಮೇಲಿನಿಂದ. ಇಂದು ಮುಗಿಸಿ, ನಾಳೆ ಕಂಬಕ್ಕೆ ಏರಿಸುತ್ತಾಳೆ. ಹಾಡು ಇಳಿದರೆ ಅವಳು ಇನ್ನು ಮಾಳಿಗೆ ಹತ್ತುವುದಿಲ್ಲ. ಏರಿದರೆ ಯಂತ್ರವನ್ನು ಜನ್ಮದಲ್ಲಿ ಮುಟ್ಟುವುದಿಲ್ಲ, ಈ ಬೇಸಿಗೆಯನ್ನು ಅವಳು ದಾಟುವುದೂ ಇಲ್ಲ. ಓಣಿಯವರಿಗೆ ಅಗುಳಿ ಮುಟ್ಟಬೇಡಿ ಎಂದು ಮನೆಮನೆಗೆ ಹೋಗಿ ಹೇಳಿ ಬಂದಿದ್ದೇನೆ. ಕಾಕಾನ ಬಾಗಿಲಿಗೆ ಹೊರಗಿನಿಂದ ಹಗ್ಗ ಕಟ್ಟಲೇ ಎಂದೂ ಕೇಳಿದೆ, ಬೈದು ಕಳಿಸಿದರು.

ನಿಮ್ಮಲ್ಲಿ ಯಾರೋ ಈಗ ಹೊಸಬರಿಗೆಂದು ಇಂಥದ್ದೊಂದು ತಂತ್ರಾಂಶ ಆರಿಸುತ್ತ ಕೂತಿರಬಹುದು. ಚೆಂದ ನೋಡಬೇಡಿ ಎನ್ನಲಾರೆ. ಆದರೆ ಯಾರ ಅಪ್ಪಣೆಯನ್ನೂ ಕೇಳದೆ ತೆರೆಯುವುದನ್ನೇ ಆರಿಸಿ, ಹಾಡು ಎಲ್ಲಿಂದ ಶುರು ಎಂಬುದನ್ನು ಮೊದಲ ತೆರೆಯಲ್ಲೇ ಬರೆದಿಡಿ.

ಇನ್ನೊಂದು ಸಂಗತಿ ನನ್ನನ್ನು ತಿನ್ನುತ್ತಿದೆ. ದ್ಯಾಮವ್ವನ ಹೊಸ ಹಾಡು ಒಂದು ಪುಟದಲ್ಲಿ ಹಿಡಿಯಲಿಲ್ಲ, ಎರಡಕ್ಕೆ ಹೋಯಿತು. ಮೊದಲ ಪುಟ ಮೇಲಿನಿಂದ ನುಡಿಯುತ್ತದೆ ಎಂಬುದು ಈಗ ಗೊತ್ತು. ಎರಡನೆಯದು? ಅವಳು ಅದೂ ಹಾಗೆಯೇ ಎನ್ನುತ್ತಾಳೆ, ಉಳಿಕೆಮನೆಯವರೂ ಹಾಗೆಯೇ ಇರಬೇಕು ಎಂದರು. ನಮಗೆ ಕೇಳಿ ನೋಡುವ ದಾರಿಯಿಲ್ಲ, ನಿಮಗಿದೆ. ಎರಡು ಪುಟದ ಒಂದು ಚಿಕ್ಕ ಹಾಡು ಕಟ್ಟಿ, ಎರಡನೆಯ ಪುಟವೂ ಮೇಲಿನ ಸಾಲಿನಿಂದಲೇ ಶುರುವಾಗುತ್ತದೆಯೇ ಎಂದು ದಯಮಾಡಿ ಒಮ್ಮೆ ಕೇಳಿ ನೋಡಿ.