ಮರದೊಳಗಿನ ಊಟದ ಸದ್ದು

ಹುಫೂಫ್, ಸೌದಿ ಅರೇಬಿಯಾ, ನವೆಂಬರ್ ೧೯, ಮಂಗಳವಾರ

ಮರದೊಳಗೆ ಕುಳಿತು ಯಾರೋ ಊಟ ಮಾಡುವ ಸದ್ದನ್ನು ಇವತ್ತು ಕೇಳಿದೆ. ನಿದ್ದೆ ಎಲ್ಲಿಂದ ಬರಬೇಕು?

ಮಅತೂಕ್ ಮಾವನ ತೋಟದಲ್ಲಿ ಒಂದು ಖರ್ಜೂರದ ಮರ ಕಂದು ರಸ ಸುರಿಸುತ್ತಿತ್ತು. ಒಳಗೆ ಹುಳ ಹೊಕ್ಕಿದೆ, ಕಡಿಯದಿದ್ದರೆ ತೋಟವೇ ಹೋಗುತ್ತದೆ ಎಂದು ಮಾವ ನಾಳೆ ಬರಲು ಗರಗಸದವನಿಗೆ ಹೇಳಿದ್ದ. ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ, ಕಾಂಡಕ್ಕೊಂದು ಮೊಳೆ ಹೊಡೆದು, ಒಳಗಿನ ಹುಳ ಮೆಲ್ಲುವ ಸದ್ದು ಹಿಡಿಯಲೆಂದು ಅದಕ್ಕೆ ಪುಟ್ಟ ಮೈಕ್ ಅಂಟಿಸಿದೆ.

"ಏನ್ ಡಾಕ್ಟರೇ, ಮರಕ್ಕೆ ಕೆಮ್ಮಾ?"

"ಮೊದ್ಲು ಪಂಪ್ ಆರ್ಸು ಮಾವ, ಆಮೇಲೆ ನಗು."

ಪಂಪ್ ನಿಂತಿತು. ಗಾಳಿಯ ಸದ್ದನ್ನು ಸಾಫ್ಟ್‌ವೇರ್ ಸೋಸಿ ತೆಗೆಯಿತು. ರಸ ಸುರಿಸುವ ಮರದಲ್ಲಿ ಏನೂ ಇಲ್ಲ! ಆ ರಸ ಯಾವುದೋ ಹಳೆಯ ಗಾಯದ್ದಿರಬೇಕು. ಹೋಲಿಸಿ ನೋಡಲೆಂದು ಪಕ್ಕದ ದಷ್ಟಪುಷ್ಟ ಮರಕ್ಕೆ ಮೈಕ್ ಹಚ್ಚಿದೆ. ಅದು ಮಾವನ ಹೆಮ್ಮೆಯ ಮರ. ಅದರೊಳಗಿತ್ತು ಸದ್ದು. ಆಡು ಒಣಹುಲ್ಲು ಮೆಲ್ಲುವಂತೆ ಕರಕರ, ಕರಕರ.

ಮಾವ ಹೆಡ್‌ಫೋನ್ ಕಸಿದುಕೊಂಡ. "ಸುಳ್ಳು! ಯಾವ್ದೋ ಕ್ಯಾಸೆಟ್ ಹಾಕಿದೀಯ ನೀನು."

"ಹಂಗಾದ್ರೆ ಉಳಿ ತಗೊಂಡು ಕೆತ್ತಿ ನೋಡು."

ಮೈಕನ್ನು ಮೇಲೆ ಕೆಳಗೆ ಸರಿಸುತ್ತ, ಲ್ಯಾಪ್‌ಟಾಪ್ ತೆರೆಯ ಮೇಲಿನ ಸದ್ದಿನ ಗೆರೆ ಎಲ್ಲಿ ಹೆಚ್ಚು ನೆಗೆಯಿತೋ ಅಲ್ಲಿ, ಮೊಣಕಾಲೆತ್ತರದಲ್ಲಿ, ಗುರುತು ಹಾಕಿದೆ. ಮಾವ ಕೆತ್ತಿದ. ಹೆಬ್ಬೆರಳು ದಪ್ಪದ ಬಿಳಿ ಹುಳ ಉರುಳಿ ಬಿತ್ತು. ಮಾವ ಗಾಯಕ್ಕೆ ಔಷಧಿ ತುಂಬಿದ. ಗರಗಸದವನಿಗೆ ಬರುವುದು ಬೇಡ ಎಂದು ಹೇಳಿ ಕಳಿಸಿದ.

ಅದೇ ಮರಕ್ಕೆ ಮತ್ತೆ ಮೈಕ್ ಅಂಟಿಸಿದೆ. ಗೆರೆ ನಿಂತ ನೀರಿನಂತೆ ಮಲಗಿತ್ತು. ಆದರೂ ಮಾವ ಹೆಡ್‌ಫೋನ್ ಬಿಚ್ಚಲಿಲ್ಲ.

"ಏನ್ ಕೇಳಿಸ್ತಿದೆ ಮಾವ?"

"ಶ್! ಏನೂ ಕೇಳಿಸ್ತಿಲ್ಲ ಕಣೋ," ಎಂದು ಕಣ್ಣು ಮುಚ್ಚಿಕೊಂಡ. "ಇನ್ನೊಂಚೂರು ಹೊತ್ತು ಕೇಳಕ್ ಬಿಡು."